ಮಣ್ಣುನೊಣಕ್ಕೆ ಕೀಟಾಹಾರಿ ಗಿಡ: ಕರಾವಳಿಯ ಮನೆಯೊಳಗೆ ಸಾಕುವ ಕ್ರಮ

ಆಂಥೂರಿಯಂ ಚಟ್ಟಿಗೆ ನೀರು ಹಾಕಿದ ಕೂಡಲೇ ಎಳ್ಳಿನಷ್ಟು ಸಣ್ಣ ಕಪ್ಪು ನೊಣಗಳು ಮಣ್ಣಿನಿಂದೆದ್ದು, ಮುಖದ ಸುತ್ತ ಸುಳಿದು, ಕೊನೆಗೆ ಕಿಟಕಿಯ ಗಾಜಿನ ಮೇಲೆ ಕೂರುತ್ತವೆ ಎಂದಾದರೆ ಕೀಟಾಹಾರಿ ಗಿಡ ನಿಮ್ಮ ಉಪಯೋಗಕ್ಕೆ ಬರುತ್ತದೆ. ಎಲೆಯಡಿ ಹತ್ತಿಯಂತೆ ಅಂಟಿಕೊಂಡ ಹಿಟ್ಟುತಿಗಣೆ, ಚಿಗುರಿಗೆ ಮುತ್ತಿದ ಸಸ್ಯಹೇನು, ಎಲೆಯ ಹಿಂದೆ ಸಣ್ಣಗೆ ಬಲೆ ಕಟ್ಟುವ ಕೆಂಪು ನುಸಿ ಇವೇ ತಲೆನೋವಾದರೆ ದುಡ್ಡು ಉಳಿಸಿಕೊಳ್ಳಿ. ಈ ಗಿಡ ಬೇಟೆಗೆ ಹೋಗುವುದಿಲ್ಲ, ಕೂತಲ್ಲಿಗೆ ಬಂದದ್ದನ್ನು ಹಿಡಿಯುತ್ತದೆ. ಹಿಟ್ಟುತಿಗಣೆ ಒಮ್ಮೆ ಕೂತ ಗಿಡ ಬಿಟ್ಟು ಅತ್ತಿತ್ತ ಹೋಗುವುದು ಅಪರೂಪ. ಅದಕ್ಕೆ ಬೇವಿನೆಣ್ಣೆ, ಸೋಪಿನ ನೀರೇ ಸರಿ.

ಆ ಕಪ್ಪು ನೊಣದ ಹೆಸರು ಫಂಗಸ್ ನ್ಯಾಟ್. ಇಲ್ಲಿ ಮಣ್ಣುನೊಣ ಎನ್ನೋಣ. ಬೆಳೆದ ನೊಣದಿಂದ ಗಿಡಕ್ಕೆ ತೊಂದರೆಯಿಲ್ಲ. ತೊಂದರೆ ಕೊಡುವುದು ಅದರ ಮರಿಹುಳ: ಬಿಳಿ, ಹೆಚ್ಚುಕಮ್ಮಿ ಪಾರದರ್ಶಕ ಮೈ, ಕಪ್ಪು ತಲೆ, ಅರ್ಧ ಸೆಂಟಿಮೀಟರ್ ಉದ್ದ. ಮಣ್ಣಿನ ಮೇಲಿನ ಎರಡರಿಂದ ಐದು ಸೆಂ.ಮೀ. ಪದರದಲ್ಲಿ ಬೂಸ್ಟು ತಿಂದುಕೊಂಡಿರುತ್ತದೆ, ಬೂಸ್ಟು ಸಾಲದಾಗ ಎಳೆ ಬೇರಿಗೆ ಬಾಯಿ ಹಾಕುತ್ತದೆ. ಮೊಟ್ಟೆಯಿಂದ ನೊಣವಾಗಲು ಮೂರು-ನಾಲ್ಕು ವಾರ. ನೊಣವಾದ ಮೇಲೆ ಬದುಕುವುದು ಒಂದು ವಾರ, ಹತ್ತು ದಿನ. ಅಷ್ಟರಲ್ಲಿ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಟ್ಟು ಹೋಗುತ್ತದೆ. ಕೀಟಾಹಾರಿ ಗಿಡ ಮಾಡುವ ಕೆಲಸ ಇಷ್ಟೇ: ಮೊಟ್ಟೆ ಇಡುವ ಮೊದಲು ಆ ಹೆಣ್ಣನ್ನು ಹಿಡಿಯುವುದು. ಮಣ್ಣೊಳಗಿನ ಹುಳದ ಉಸಾಬರಿ ನಿಮ್ಮದು.

ಮೊದಲು ಶತ್ರು ಯಾರೆಂದು ನೋಡಿ

ಆಲೂಗಡ್ಡೆಯನ್ನು ಒಂದು ಸೆಂ.ಮೀ. ದಪ್ಪಕ್ಕೆ ಕತ್ತರಿಸಿ, ಅನುಮಾನವಿರುವ ಚಟ್ಟಿಯ ಮಣ್ಣಿನ ಮೇಲೆ ಕತ್ತರಿಸಿದ ಮುಖ ಕೆಳಗಾಗುವಂತೆ ಒತ್ತಿಡಿ. ಮೂರು ದಿನ ಬಿಟ್ಟು ಎತ್ತಿ ನೋಡಿ. ಅಡಿಯಲ್ಲಿ ಕಪ್ಪು ತಲೆಯ ಬಿಳಿ ಹುಳ ಕಂಡರೆ ಅದೇ. ಜೊತೆಗೆ ಹಳದಿ ಅಂಟುಹಾಳೆಯ ಒಂದು ತುಂಡನ್ನು ಮಣ್ಣಿಗೆ ಸಮೀಪ ಅಡ್ಡಲಾಗಿ ಇಟ್ಟು, ವಾರದಲ್ಲಿ ಬಿದ್ದ ನೊಣಗಳನ್ನು ಎಣಿಸಿ ಬರೆದಿಡಿ. ಈ ಸಂಖ್ಯೆ ಇಲ್ಲದಿದ್ದರೆ ತಿಂಗಳು ಕಳೆದ ಮೇಲೆ ಗಿಡದಿಂದ ಪ್ರಯೋಜನವಾಯಿತೋ ಇಲ್ಲವೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ.

ಅಡುಗೆಮನೆಯ ಬಾಳೆಗೊನೆ, ಕೊಯ್ದಿಟ್ಟ ಹಲಸಿನ ಸೊಳೆಯ ಮೇಲೆ ಹಾರುವ ಕಂದು ಬಣ್ಣದ, ಕೆಂಪು ಕಣ್ಣಿನ ನೊಣ ಬೇರೆಯದು, ಹಣ್ಣುನೊಣ. ಅದನ್ನೂ ಈ ಗಿಡಗಳು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ಅದರ ಮೂಲ ಹಣ್ಣಿನಲ್ಲಿದೆ, ಚಟ್ಟಿಯಲ್ಲಿಲ್ಲ.

ಯಾವ ಗಿಡ

ಮಣ್ಣುನೊಣಕ್ಕೆ ಡ್ರೊಸೆರಾಕ್ಕಿಂತ ಒಳ್ಳೆಯದಿಲ್ಲ. ಎಲೆಯ ತುಂಬ ಕೂದಲಿನಂಥ ಕೆಂಪು ಎಳೆಗಳು, ಪ್ರತಿ ಎಳೆಯ ತುದಿಯಲ್ಲಿ ಇಬ್ಬನಿಯಂತೆ ಮಿನುಗುವ ಒಂದು ಹನಿ. ಆ ಹನಿ ನೀರಲ್ಲ, ಅಂಟು. ಭೂತಗನ್ನಡಿ ಹಿಡಿದು ನೋಡಿದರೆ, ಕೂತ ನೊಣದ ಒಂದು ಕಾಲು ಸಿಕ್ಕಿಕೊಳ್ಳುವುದು ಕಾಣುತ್ತದೆ. ಅದನ್ನು ಬಿಡಿಸಲು ಒದ್ದಾಡುವಾಗ ಉಳಿದ ಕಾಲು, ರೆಕ್ಕೆಗಳೂ ಪಕ್ಕದ ಹನಿಗಳಿಗೆ ತಾಗುತ್ತವೆ. ಕೆಲವು ನಿಮಿಷಗಳಲ್ಲಿ ಸುತ್ತಲ ಎಳೆಗಳು ಅದರತ್ತ ಬಾಗುತ್ತವೆ. ಕೇಪ್ ಡ್ರೊಸೆರಾದಂಥ ಜಾತಿಗಳಲ್ಲಿ ಮುಂದಿನ ಗಂಟೆಗಳಲ್ಲಿ ಎಲೆಯೇ ನೊಣದ ಮೇಲೆ ಮಡಚಿಕೊಳ್ಳುತ್ತದೆ. ಕೆಲವು ದಿನ ಬಿಟ್ಟು ಎಲೆ ಬಿಚ್ಚಿದಾಗ ಉಳಿದಿರುವುದು ಒಣ ಸಿಪ್ಪೆ ಮಾತ್ರ.

ಇದು ಪರದೇಶದ ಸೋಜಿಗವೇನೂ ಅಲ್ಲ. ನಮ್ಮ ಮುರಕಲ್ಲಿನ ಪದವುಗಳ ಮೇಲೆ, ಮಳೆ ಹಿಂದೆ ಸರಿಯುವ ಹೊತ್ತಿಗೆ, ತೆಳು ನೀರು ಜಿನುಗುವಲ್ಲಿ ಡ್ರೊಸೆರಾ ಇಂಡಿಕಾ ತಾನಾಗಿ ಬೆಳೆಯುತ್ತದೆ. ಹುಲ್ಲಿನ ನಡುವೆ ನೀಲಿ-ನೇರಳೆ ಹೂ ಬಿಡುವ ಯುಟ್ರಿಕ್ಯುಲೇರಿಯಾ ಕೂಡ ಇದೇ ಬಳಗದ್ದಲ್ಲದಿದ್ದರೂ ಇದೇ ಕಸುಬಿನದು. ಅಲ್ಲಿಂದ ಕಿತ್ತು ತರಬೇಡಿ. ಪದವಿನ ಡ್ರೊಸೆರಾ ಒಂದೇ ವರ್ಷ ಬದುಕುವ ಜಾತಿ, ಬೀಜ ಉದುರುವ ಮೊದಲು ಕಿತ್ತರೆ ಮುಂದಿನ ವರ್ಷ ಅಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ.

ಮನೆಯೊಳಗೆ ಕೊಂಡು ತರಲು ಮೂರು ಜಾತಿ ಸಾಕು. ಡ್ರೊಸೆರಾ ಕಾಪೆನ್ಸಿಸ್, ಅಂದರೆ ಕೇಪ್ ಡ್ರೊಸೆರಾ, ದಕ್ಷಿಣ ಆಫ್ರಿಕಾದ್ದು. ಎಲೆ ಉದ್ದ, ಹಿಡಿಯುವುದರಲ್ಲಿ ಮುಂದು, ಆದರೆ ಏಪ್ರಿಲ್-ಮೇ ಸೆಕೆಯಲ್ಲಿ ಸೊರಗುತ್ತದೆ. ಡ್ರೊಸೆರಾ ಸ್ಪಾಟುಲಾಟಾ ಪುಟ್ಟ ಚಕ್ರದಂತೆ ನೆಲಕ್ಕೆ ಅಂಟಿ ಬೆಳೆಯುತ್ತದೆ, ಸೆಕೆ ತಡೆಯುತ್ತದೆ. ಡ್ರೊಸೆರಾ ಅಡೆಲೇ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನದು. ಬೆಳಕು ಸ್ವಲ್ಪ ಕಡಿಮೆಯಾದರೂ, ಗಾಳಿ ತೇವವಾಗಿದ್ದರೂ ತಕರಾರಿಲ್ಲ. ಮೊದಲ ಸಲ ಸಾಕುವವರು ಮಂಗಳೂರು-ಉಡುಪಿಯಲ್ಲಿ ಅಡೆಲೇಯಿಂದ ಶುರು ಮಾಡುವುದು ಜಾಣತನ.

ಹೂಜಿ ಗಿಡ, ಅಂದರೆ ನೆಪೆಂಥಿಸ್, ನಮ್ಮ ಹವೆಗೆ ಚೆನ್ನಾಗಿ ಒಗ್ಗುತ್ತದೆ. ನರ್ಸರಿಗಳಲ್ಲಿ ಸಿಗುವ ವೆಂಟ್ರಾಟಾ ಎಂಬ ಮಿಶ್ರತಳಿ ಗಟ್ಟಿ ಗಿಡ. ಆದರೆ ಅದರ ಹೂಜಿಗೆ ಬೀಳುವುದು ಹೆಚ್ಚಾಗಿ ಇರುವೆ, ಆಗೊಮ್ಮೆ ಈಗೊಮ್ಮೆ ಒಂದು ಜಿರಲೆ ಮರಿ. ಮಣ್ಣುನೊಣಕ್ಕೆ ಅದನ್ನು ನೆಚ್ಚಬೇಡಿ, ಚಂದಕ್ಕೆ ತನ್ನಿ. ನೆಪೆಂಥಿಸ್ ಆಂಪುಲ್ಲಾರಿಯಾ ಎಂಬುದನ್ನಂತೂ ಕೀಟಕ್ಕೆಂದು ಕೊಳ್ಳಲೇಬೇಡಿ, ಅದು ಒಂದು ಪಾಲು ಆಹಾರವನ್ನು ಉದುರಿದ ತರಗೆಲೆಯಿಂದ ಪಡೆಯುವ ಸಾಧು. ಭಾರತದ್ದೇ ಆದ ಒಂದೇ ಒಂದು ಹೂಜಿ ಗಿಡ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಆ ಹೆಸರು ಹೇಳಿ ಕಾಗದಪತ್ರವಿಲ್ಲದೆ ಮಾರಲು ಬಂದರೆ ದೂರವಿರಿ.

ವೀನಸ್ ಫ್ಲೈಟ್ರ್ಯಾಪ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಅಮೆರಿಕದ ಕ್ಯಾರೊಲಿನಾ ಸೀಮೆಯ ಗಿಡ, ವರ್ಷಕ್ಕೆ ಮೂರು ತಿಂಗಳಾದರೂ ಚಳಿಯಲ್ಲಿ ಮಲಗಬೇಕು. ನಮ್ಮ ಜನವರಿಯ ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅದಕ್ಕೆ ಅದು ಚಳಿಯೇ ಅಲ್ಲ. ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಮಲಗಿಸುವವರಿದ್ದಾರೆ, ಅದೊಂದು ಬೇರೆಯೇ ಹವ್ಯಾಸ. ಅಲ್ಲದೆ ಅದರ ಬಾಯಿ ಮುಚ್ಚಬೇಕಾದರೆ ಕೀಟ ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಒಳಗಿನ ರೋಮ ಮುಟ್ಟಬೇಕು. ಮಣ್ಣುನೊಣದಷ್ಟು ಹಗುರ ಜೀವಿಗೆ ಅದು ಹೇಳಿ ಮಾಡಿಸಿದ್ದಲ್ಲ.

ನೀರು

ಕೀಟಾಹಾರಿ ಗಿಡ ಸಾಯುವುದು ಹೆಚ್ಚಾಗಿ ನೀರಿನಿಂದ. ಅವು ಹುಟ್ಟಿದ್ದು ಸಾರವಿಲ್ಲದ, ಲವಣವಿಲ್ಲದ ಜೌಗಿನಲ್ಲಿ. ನೀರಿನಲ್ಲಿ ಕರಗಿದ ಲವಣ ದಿನದಿನವೂ ಚಟ್ಟಿಯಲ್ಲಿ ಸೇರುತ್ತಾ ಹೋಗಿ ಬೇರು ಸುಡುತ್ತದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಎಂಬ ಪೆನ್ನಿನಂಥ ಸಾಧನ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಗಿಡಕ್ಕಿಂತ ಮೊದಲು ಅದನ್ನು ಕೊಳ್ಳಿ. ಅದು ತೋರಿಸುವ ಅಂಕಿ (ಪಿಪಿಎಂ) 50ರ ಕೆಳಗಿದ್ದರೆ ನಿಶ್ಚಿಂತೆ. 100 ಮೇಲ್ಮಿತಿ. ನಳ್ಳಿ ನೀರನ್ನು ಅಳೆಯದೆ ಹಾಕಬೇಡಿ. ಬಾವಿ ನೀರು ಊರಿಂದೂರಿಗೆ ಬೇರೆ: ಗುಡ್ಡದ ಕೆಂಪುಕಲ್ಲಿನ ಬಾವಿಯಲ್ಲಿ ಲವಣ ಕಡಿಮೆ ಇರಬಹುದು, ಕಡಲು ಅಥವಾ ಹೊಳೆಬಾಯಿಯ ಹತ್ತಿರದ ಬಾವಿ ಮಾರ್ಚ್ ದಾಟಿದ ಮೇಲೆ ಉಪ್ಪಾಗುತ್ತದೆ. ಒಂದೇ ಬಾವಿಯನ್ನು ಆಗಸ್ಟಿನಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಅಳೆಯಿರಿ.

ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಇದಕ್ಕೆಲ್ಲ ಚಿಂತಿಸಬೇಕಾಗಿಲ್ಲ, ಹಿಡಿದಿಡುವ ಬುದ್ಧಿ ಬೇಕು ಅಷ್ಟೇ. ನಾಲ್ಕು ಇಂಚಿನ ನಾಲ್ಕು ಚಟ್ಟಿಗೆ ಬೇಸಿಗೆಯಲ್ಲಿ ದಿನಕ್ಕೆ ಮುನ್ನೂರು ಮಿಲಿಲೀಟರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ ಒಂಬತ್ತು ಲೀಟರ್. ನವೆಂಬರಿನಿಂದ ಮೇ ಕೊನೆಯವರೆಗೆ ಏಳು ತಿಂಗಳಿಗೆ ಅರವತ್ತಮೂರು. ನೂರು ಲೀಟರಿನ, ಬಿಗಿ ಮುಚ್ಚಳದ ಒಂದು ಡ್ರಮ್ಮು ಧಾರಾಳವಾಯಿತು. ಜೂನಿನ ಮೊದಲ ಮಳೆಗಳನ್ನು ಹಿಡಿಯಬೇಡಿ, ಮಾಡಿನ ಧೂಳು, ಹಕ್ಕಿಹಿಕ್ಕೆ, ಕಡಲ ಗಾಳಿಯ ಉಪ್ಪು ಎಲ್ಲ ತೊಳೆದು ಹೋಗಲಿ. ಆಮೇಲೂ ಮಳೆ ಶುರುವಾಗಿ ಕಾಲು ಗಂಟೆ ಕಳೆದ ಮೇಲಿನ ದಂಬೆಯ ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿಸಿ. ಹೊಸ ಕಾಂಕ್ರೀಟ್ ತಾರಸಿಯ ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ, ಅಳೆದೇ ಬಳಸಿ.

ಮಳೆನೀರು ಮುಗಿದರೆ ಆರ್‌ಓ ಯಂತ್ರದ ಶುದ್ಧ ನೀರು ಆಗಬಹುದು, ಅದನ್ನೂ ಅಳೆಯಿರಿ, ಏಕೆಂದರೆ ಕೆಲವು ಯಂತ್ರಗಳು ರುಚಿಗೆಂದು ಲವಣವನ್ನು ಮತ್ತೆ ಬೆರೆಸುತ್ತವೆ. ಬಾಟಲಿಯ ಮಿನರಲ್ ವಾಟರ್ ಹೆಸರಿನಲ್ಲೇ ಹೇಳಿದೆ, ಬೇಡ.

ಮಣ್ಣಲ್ಲದ ಮಣ್ಣು

ಕೆಂಪುಮಣ್ಣು, ಸುಡುಮಣ್ಣು, ಗೊಬ್ಬರ, ಎರೆಗೊಬ್ಬರ ಯಾವುದೂ ಬೇಡ. ಡ್ರೊಸೆರಾಕ್ಕೆ ಗೊಬ್ಬರ ಬೆರೆಸದ ಸ್ಫ್ಯಾಗ್ನಂ ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರ ಬಿಳಿ ಕಲ್ಲಿನ ಹರಳು) ಒಂದು ಪಾಲು. ಪೀಟ್ ಸಿಗದಿದ್ದರೆ ಆರ್ಕಿಡ್‌ಗೆಂದು ಮಾರುವ ಉದ್ದನೆಯ ಒಣ ಸ್ಫ್ಯಾಗ್ನಂ ಪಾಚಿಯನ್ನೇ ನೆನೆಸಿ, ಹಿಂಡಿ, ಸಡಿಲವಾಗಿ ತುಂಬಬಹುದು. ಪೊಟ್ಟಣದ ಮೇಲೆ ಗೊಬ್ಬರ ಸೇರಿಸಿದೆ ಎಂದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ತೆಂಗಿನ ನಾಡಿನಲ್ಲಿ ಕೋಕೋಪೀಟ್ ಯಾಕಾಗದು ಎಂಬ ಪ್ರಶ್ನೆ ಸಹಜ. ಆಗುತ್ತದೆ, ತೊಳೆದರೆ. ತೆಂಗಿನ ಸಿಪ್ಪೆಯಲ್ಲಿ ಸ್ವಭಾವತಃ ಉಪ್ಪಿನಂಶ ಜಾಸ್ತಿ, ಹಿನ್ನೀರಿನಲ್ಲಿ ಕೊಳೆಹಾಕಿದ್ದಾದರೆ ಇನ್ನೂ ಜಾಸ್ತಿ. ಬಕೆಟ್ಟಿನಲ್ಲಿ ಮಳೆನೀರು ಹಾಕಿ ಒಂದು ರಾತ್ರಿ ನೆನೆಸಿ, ಹಿಂಡಿ, ನೀರು ಚೆಲ್ಲಿ ಮತ್ತೆ ನೆನೆಸಿ. ಹಿಂಡಿದ ನೀರಿನ ಟಿಡಿಎಸ್ 100ಕ್ಕಿಂತ ಕೆಳಗಿಳಿಯುವವರೆಗೆ ಮಾಡಬೇಕು, ಐದಾರು ಸಲ ಬೇಕಾಗುವುದುಂಟು. ಮಳೆಗಾಲದಲ್ಲಿ ಗೋಣಿಚೀಲದಲ್ಲಿ ಕಟ್ಟಿ ಅಂಗಳದಲ್ಲಿ ನೇತುಹಾಕಿದರೆ ಮಳೆಯೇ ತೊಳೆದುಕೊಡುತ್ತದೆ.

ಚಟ್ಟಿ ಪ್ಲಾಸ್ಟಿಕ್ಕಿನದ್ದಾಗಿರಲಿ, 10 ಸೆಂ.ಮೀ. ಅಗಲ, ಅಷ್ಟೇ ಆಳ, ತಳದಲ್ಲಿ ನಾಲ್ಕು ತೂತು. ಮಣ್ಣಿನ ಚಟ್ಟಿ ಲವಣವನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತುಂಬುವ ಮೊದಲು ಮಿಶ್ರಣವನ್ನು ಮಳೆನೀರಲ್ಲಿ ಕಲಸಿ ಹಿಟ್ಟಿನಂತೆ ಮಾಡಿಕೊಳ್ಳಿ, ಒಣ ಪೀಟ್ ಆಮೇಲೆ ನೀರು ಕುಡಿಯಲು ಮೊಂಡುತನ ಮಾಡುತ್ತದೆ. ನಡುವೆ ಬೆರಳಿನಿಂದ ಕುಳಿ ತೆಗೆದು, ಬೇರು ನೇರ ಇಳಿಬಿಟ್ಟು, ಗಿಡದ ಸುಳಿ ಮಿಶ್ರಣಕ್ಕಿಂತ ಮೇಲಿರುವಂತೆ ಕೂರಿಸಿ. ಸುಳಿ ಹೂತರೆ ಕೊಳೆಯುತ್ತದೆ. ಎಲೆಗೆ ಕೈ ತಾಗಿದರೆ ಅಂಟು ಹೋಗುತ್ತದೆ, ಒಂದೆರಡು ಎಲೆಗೆ ತಾಗೇ ತಾಗುತ್ತದೆ, ಪರವಾಗಿಲ್ಲ. ಕೊನೆಗೆ ಮೇಲೆ ಒಂದು ಸೆಂ.ಮೀ. ತೊಳೆದ ಸಿಲಿಕಾ ಮರಳು ಹರಡಿ. ಇದನ್ನು ಬಿಡಬೇಡಿ: ಸದಾ ಒದ್ದೆಯಿರುವ ಪೀಟ್ ಎಂದರೆ ಮಣ್ಣುನೊಣಕ್ಕೆ ಹೆರಿಗೆಮನೆ, ಮರಳಿಲ್ಲದಿದ್ದರೆ ಕಾವಲಿಗೆ ತಂದ ಚಟ್ಟಿಯಲ್ಲೇ ಕಳ್ಳ ಹುಟ್ಟುತ್ತಾನೆ. ಕಡಲ ತೀರದ ಮರಳು ಎಷ್ಟು ತೊಳೆದರೂ ಬೇಡ, ಅದರಲ್ಲಿ ಚಿಪ್ಪಿನ ಸುಣ್ಣವಿರುತ್ತದೆ.

ಹೂಜಿ ಗಿಡಕ್ಕೆ ಬೇರೆ ಲೆಕ್ಕ. ಸ್ಫ್ಯಾಗ್ನಂ ಪಾಚಿ ಎರಡು ಪಾಲು, ಪರ್ಲೈಟ್ ಅಥವಾ ತೊಳೆದ ತೆಂಗಿನ ಸಿಪ್ಪೆಯ ತುಂಡು ಒಂದು ಪಾಲು. ಬುಟ್ಟಿಯಲ್ಲಿ ತೂಗುಹಾಕಿ, ಮೇಲಿನಿಂದ ನೀರು ಹಾಕಿ ಹರಿದು ಹೋಗಲು ಬಿಡಿ.

ತಟ್ಟೆಯ ನೀರು, ಸೊಳ್ಳೆಯ ಮೊಟ್ಟೆ

ಡ್ರೊಸೆರಾ ಚಟ್ಟಿಯನ್ನು ಒಂದೆರಡು ಸೆಂ.ಮೀ. ನೀರಿರುವ ತಟ್ಟೆಯಲ್ಲಿ ಸದಾ ಇಡಿ ಎಂದು ಎಲ್ಲರೂ ಹೇಳುತ್ತಾರೆ. ತಂಪು ದೇಶದ ಮಾತು ಅದು. ಮಲೇರಿಯಾ, ಡೆಂಗಿ ಎರಡನ್ನೂ ಕಂಡ ಮಂಗಳೂರಿನಲ್ಲಿ ತಟ್ಟೆಯಲ್ಲಿ ನಿಂತ ನೀರು ಎಂದರೆ ಸೊಳ್ಳೆಯ ತೊಟ್ಟಿಲು. ಗಿಡ ಹಿಡಿಯುವ ಸೊಳ್ಳೆಗಿಂತ ತಟ್ಟೆಯಲ್ಲಿ ಹುಟ್ಟುವ ಸೊಳ್ಳೆ ಹೆಚ್ಚಾದರೆ ಏನು ಬಂತು?

ನಮ್ಮ ಸೆಕೆಗೆ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ತಟ್ಟೆ ಬರಿದು ಮಾಡಲೇಬೇಕು. ಬರೀ ಚೆಲ್ಲಿದರೆ ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನಂಚಿನ ಸ್ವಲ್ಪ ಮೇಲೆ, ತಟ್ಟೆಯ ಗೋಡೆಗೆ ಅಂಟಿಸಿಡುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ಮತ್ತೆ ನೀರು ಮುಟ್ಟಿದಾಗ ಒಡೆಯುತ್ತದೆ. ಪಾತ್ರೆ ಉಜ್ಜುವ ನಾರಿನಿಂದ ತಟ್ಟೆಯ ಬದಿಯನ್ನು ತಿಕ್ಕಿ ತೊಳೆಯಿರಿ. ಸೋಪು ಬೇಡ.

ಇದಕ್ಕಿಂತ ನೆಮ್ಮದಿಯ ಉಪಾಯ ಮುಚ್ಚಿದ ಡಬ್ಬ. 9 ಸೆಂ.ಮೀ. ಎತ್ತರದ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಚಟ್ಟಿಯ ಅಂಚಿಗಿಂತ ಅರ್ಧ ಸೆಂ.ಮೀ. ಕಡಿಮೆ ಅಗಲದ ತೂತು ಕೊರೆದು, ಚಟ್ಟಿ ಅದರಲ್ಲಿ ಬಿಗಿಯಾಗಿ ಇಳಿದು ತಳ ಮುಟ್ಟುವಂತೆ ಕೂರಿಸಿ. ಸಂದಿ ಉಳಿದರೆ ಒದ್ದೆ ಪಾಚಿ ತುರುಕಿ. ಮೂಲೆಯಲ್ಲಿ ನೀರು ಹೊಯ್ಯಲು ಇನ್ನೊಂದು ಸಣ್ಣ ತೂತು, ಅದಕ್ಕೆ ಹತ್ತಿಯ ಬಿರಡೆ. ಎರಡು ಸೆಂ.ಮೀ. ನೀರು ಹಾಕಿ, ಪೂರ್ತಿ ಹೀರಿದ ಮೇಲೆ ಒಂದು ದಿನ ಬಿಟ್ಟು ಮತ್ತೆ ಹಾಕಿ. ಸೊಳ್ಳೆಗೆ ದಾರಿಯಿಲ್ಲ, ನೀರೂ ಬೇಗ ಆರುವುದಿಲ್ಲ.

ಬೆಳಕು ಮತ್ತು ಜಾಗ

ಪೂರ್ವದ ಕಿಟಕಿ, ಬೆಳಗಿನ ಮೂರು-ನಾಲ್ಕು ಗಂಟೆ ಬಿಸಿಲು. ಪಶ್ಚಿಮದ ಕಿಟಕಿಯಲ್ಲಿ ಮಾರ್ಚ್‌ನಿಂದ ಮೇವರೆಗೆ ಚಟ್ಟಿಯ ನೀರೇ ಬಿಸಿಯಾಗಿ ಬೇರು ಬೇಯುತ್ತದೆ. ಮೂರು ತಿಂಗಳು ಪರದೆ ಎಳೆಯಿರಿ, ಡಬ್ಬಕ್ಕೆ ಬಿಳಿ ಕಾಗದ ಸುತ್ತಿ. ಬೆಳಕು ಸಾಕೋ ಸಾಲದೋ ಎಂದು ಗಿಡವೇ ಹೇಳುತ್ತದೆ. ಕೇಪ್, ಸ್ಪಾಟುಲಾಟಾಗಳಲ್ಲಿ ಎಳೆಗಳು ಕೆಂಪು, ಹನಿ ದಪ್ಪಗಿದ್ದರೆ ಸರಿ. ಎಲೆ ಬರೀ ಹಸಿರಾಗಿ ಉದ್ದಕ್ಕೆ ಜೋಲುತ್ತಾ ಹನಿ ಕಾಣದಿದ್ದರೆ ಸಾಲದು.

ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದು ಕಿಟಕಿ ಯಾವ ದಿಕ್ಕಿನದಾದರೂ ಒಂದೇ. ಮಣ್ಣುನೊಣ ಜಾಸ್ತಿಯಾಗುವುದೂ ಆಗಲೇ, ಗಿಡದ ಅಂಟು ಕಡಿಮೆಯಾಗುವುದೂ ಆಗಲೇ. 20 ವಾಟಿನ, 6500 ಕೆಲ್ವಿನ್‌ನ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬನ್ನು ಎಲೆಯಿಂದ 15-20 ಸೆಂ.ಮೀ. ಮೇಲೆ ಕಟ್ಟಿ, ಟೈಮರಿನಲ್ಲಿ ದಿನಕ್ಕೆ 12ರಿಂದ 14 ಗಂಟೆ ಉರಿಸಿ. ನೇರಳೆ ಬಣ್ಣದ ದುಬಾರಿ ದೀಪದ ಹಂಗಿಲ್ಲ.

ಮಣ್ಣುನೊಣ ಹಾರುವುದರಲ್ಲಿ ಸೋಮಾರಿ. ಮಣ್ಣಿಗೆ ಹತ್ತಿರದಲ್ಲೇ ತಿರುಗಿ ಬೆಳಕಿನತ್ತ ಹೋಗುತ್ತದೆ. ಆದ್ದರಿಂದ ಡ್ರೊಸೆರಾವನ್ನು ಉಳಿದ ಚಟ್ಟಿಗಳಿಗೂ ಕಿಟಕಿಗೂ ನಡುವೆ, ಅದರ ಎಲೆ ಪಕ್ಕದ ಚಟ್ಟಿಯ ಅಂಚಿನ ಮಟ್ಟಕ್ಕೆ ಬರುವಂತೆ ಇಡಿ. ಕಪಾಟಿನ ಮೇಲಿಟ್ಟರೆ ನೋಡಲು ಚಂದ, ನೊಣ ಅಷ್ಟು ಮೇಲೆ ಹೋಗುವುದಿಲ್ಲ. ಎಂಟು-ಹತ್ತು ಚಟ್ಟಿಯಿರುವ ಒಂದು ಕಿಟಕಿಗೆ ಅಂಗೈ ಅಗಲ ಬೆಳೆದ ಎರಡು ಗಿಡದಿಂದ ಶುರು ಮಾಡಿ, ಅಂಟುಹಾಳೆಯ ಎಣಿಕೆ ನೋಡಿ ಮೂರನೆಯದನ್ನು ಸೇರಿಸಿ. ಗೊಬ್ಬರ ಹಾಕುವ ಚಟ್ಟಿಯ ನೀರು ಇದರ ಡಬ್ಬಕ್ಕೆ ಹರಿಯದಿರಲಿ.

ಹುಳದ ಕಡೆಗೆ

ಇದೇ ವಾರ ಉಳಿದ ಚಟ್ಟಿಗಳಿಗೆ ನೀರು ಕಡಿಮೆ ಮಾಡಿ. ಬೆರಳಿನ ಎರಡು ಗೆಣ್ಣಿನಷ್ಟು ಮಣ್ಣು ಒಣಗದೆ ನೀರು ಹಾಕಬೇಡಿ. ಜುಲೈಯಲ್ಲಿ ಹಾಗೆ ಒಣಗಲು ಎಂಟು ದಿನವೂ ಹಿಡಿದೀತು, ಕಾಯಿರಿ. ಒಣ ಮಣ್ಣಿನಲ್ಲಿ ಮೊಟ್ಟೆ, ಮರಿಹುಳ ಉಳಿಯುವುದಿಲ್ಲ. ಅಷ್ಟಕ್ಕೂ ಬಗ್ಗದಿದ್ದರೆ ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ ಇದೆ, ಸೊಳ್ಳೆಮರಿಗೆ ಬಳಸುವುದೂ ಅದೇ. ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಹೊಯ್ಯಿರಿ. ಒಂದು ಪೀಳಿಗೆಯ ಅವಧಿ ಅಷ್ಟು, ನಡುವೆ ನಿಲ್ಲಿಸಿದರೆ ಮೊದಲಿನಿಂದ ಶುರು. ಬೇವಿನೆಣ್ಣೆ, ಸೋಪಿನ ನೀರು ಸಿಂಪಡಿಸುವ ದಿನ ಡ್ರೊಸೆರಾವನ್ನು ಬೇರೆ ಕೋಣೆಗೆ ಒಯ್ಯಿರಿ, ಎಲೆಯ ಅಂಟಿಗೆ ಸೋಪು ವಿಷ.

ಕೆಟ್ಟರೆ ಏನು, ಯಾಕೆ

ತಂದ ಹೊಸತರಲ್ಲಿ ಹನಿ ಮಾಯವಾದರೆ ಗಾಬರಿ ಬೇಡ, ಎರಡು-ಮೂರು ವಾರದಲ್ಲಿ ಹೊಸ ಎಲೆಯೊಂದಿಗೆ ಬರುತ್ತದೆ. ಎಸಿ ಕೋಣೆಯಲ್ಲಾದರೆ ಬರುವುದೇ ಕಷ್ಟ. ಹಳೆಯ ಎಲೆ ಕಪ್ಪಾಗುವುದು ಸಹಜ, ಕತ್ತರಿಸಿ. ಹೊಸ ಎಲೆಯೇ ಕಪ್ಪಾದರೆ ನೀರನ್ನು ಅನುಮಾನಿಸಿ, ಮೇಲಿನಿಂದ ಒಂದು ಲೀಟರ್ ಮಳೆನೀರು ಹೊಯ್ದು ಹರಿದುಹೋದ ನೀರನ್ನು ಅಳೆಯಿರಿ. ಸುಳಿಯ ಎಲೆ ಮುದುಡಿ ಸೊಟ್ಟಗೆ ಬಂದರೆ ಅಲ್ಲಿ ಸಸ್ಯಹೇನು ಇದೆ. ಹೌದು, ಕೀಟ ತಿನ್ನುವ ಗಿಡಕ್ಕೂ ಕೀಟ! ಚಟ್ಟಿ ಸಮೇತ ಗಿಡವನ್ನು ಒಂದರಿಂದ ಎರಡು ದಿನ ಮಳೆನೀರಲ್ಲಿ ಮುಳುಗಿಸಿಟ್ಟರೆ ಹೇನು ಸಾಯುತ್ತದೆ, ಗಿಡ ಸಾಯುವುದಿಲ್ಲ. ಹಲಸು-ಮಾವಿನ ಕಾಲದಲ್ಲಿ ಎಲೆಯ ಮೇಲೆ ಹಣ್ಣುನೊಣ ಕಿಕ್ಕಿರಿದು ಬೂದುಬಣ್ಣದ ಬೂಸ್ಟು ಹಿಡಿಯುತ್ತದೆ, ಅಂಥ ಎಲೆ ತೆಗೆದು, ಗಾಳಿಯಾಡುವಲ್ಲಿಗೆ ಸರಿಸಿ, ಹಣ್ಣನ್ನು ದೂರ ಇಡಿ.

ನೊಣ ಮುಗಿದು ಗಿಡ ಉಪವಾಸ ಬಿದ್ದರೆ ಒಂದೆರಡು ತಿಂಗಳು ಏನೂ ಆಗದು. ಬೇಕಿದ್ದರೆ ಮೀನಿಗೆ ಹಾಕುವ ಒಣ ಬ್ಲಡ್‌ವರ್ಮ್ ಸಾಸಿವೆ ಕಾಳಿನಷ್ಟು, ನೀರಲ್ಲಿ ನೆನೆಸಿ, ಹದಿನೈದು ದಿನಕ್ಕೊಮ್ಮೆ ಒಂದೇ ಎಲೆಗೆ. ಅನ್ನದಗುಳು, ಮೀನಿನ ತುಂಡು ಹಾಕಿದರೆ ಎಲೆ ಕೊಳೆಯುತ್ತದೆ.

ಹೂಜಿ ಗಿಡ ತಂದಾಗ ಹೂಜಿಯ ನೀರು ಚೆಲ್ಲಿಹೋಗಿದ್ದರೆ ಕಾಲು ಭಾಗ ಮಳೆನೀರು ತುಂಬಿ. ಹೊಸ ಹೂಜಿ ಬಾರದೆ ಎಲೆತುದಿಯ ಬಳ್ಳಿ ಒಣಗುತ್ತಿದ್ದರೆ ಗಾಳಿಯ ತೇವ ಅಥವಾ ಬೆಳಕು ಕಡಿಮೆ ಎಂದರ್ಥ.

ಎರಡನೆಯ ಗಿಡಕ್ಕೆ ಮತ್ತೆ ದುಡ್ಡು ಹಾಕಬೇಕೆಂದಿಲ್ಲ. ಡ್ರೊಸೆರಾದ ಬಲಿತ, ನೊಣ ಹಿಡಿಯದ ಒಂದು ಎಲೆಯನ್ನು ಬುಡದಿಂದ ತೆಗೆದು, ಮಳೆನೀರು ತುಂಬಿದ ಪಾರದರ್ಶಕ ಬಾಟಲಿಗೆ ಹಾಕಿ ಬೆಳಕಿರುವಲ್ಲಿ ಇಡಿ, ನೇರ ಬಿಸಿಲು ಬೇಡ. ನಾಲ್ಕರಿಂದ ಆರು ವಾರದಲ್ಲಿ ಎಲೆಯ ಮೇಲೆ ಗುಂಡುಸೂಜಿ ತಲೆಯಷ್ಟು ಹಸಿರು ಮೊಳಕೆಗಳು ಏಳುತ್ತವೆ. ಒಂದು ಸೆಂ.ಮೀ. ಆದ ಮೇಲೆ ಒದ್ದೆ ಪಾಚಿಗೆ ದಾಟಿಸಿ. ಬಾಟಲಿಯ ಮುಚ್ಚಳ ಮಾತ್ರ ಬಿಗಿಯಾಗಿರಲಿ, ಅದೂ ನಿಂತ ನೀರೇ.